ಅಂಗಡಿ ದಾರದಲ್ಲಿ ಅಳೆದ ಬೊಜ್ಜು

ಸ್ಫೂರ್ತಿ, ಶ್ರೇಯಾಂಸ, ಈ ಹಾಳೆಗಳನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ಹೇಳಬೇಕಾದ ವಿಷಯ ನನ್ನ ಹೊಟ್ಟೆಯದು, ಸೊಂಟದ್ದು. ಅಂಥದ್ದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಮಾದಿಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಮೊನ್ನೆ ಬೆಳಿಗ್ಗೆ ಸ್ಫೂರ್ತಿ ಬೀರುವಿನ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಉಸಿರು ಕಟ್ಟಿ ಹೊಟ್ಟೆಯನ್ನು ಒಳಗೆಳೆದುಕೊಂಡು ನೋಡಿಕೊಂಡಳು. ಆಮೇಲೆ "ನಂಗೆ ತಿಂಡಿ ಬೇಡ ಅಜ್ಜಿ" ಎಂದು ಬ್ಯಾಗು ಏರಿಸಿಕೊಂಡು ಸ್ಕೂಲಿಗೆ ಹೋದಳು. ಒಳಗೆಳೆದುಕೊಳ್ಳಲು ಅಲ್ಲಿ ಇದ್ದದ್ದಾದರೂ ಏನು? ಅವಳ ಪಾಲಿನ ದೋಸೆಯನ್ನು ನಾನೇ ತಿನ್ನುತ್ತಾ ಬಹಳ ಹೊತ್ತು ಯೋಚಿಸಿದೆ. ಮನುಷ್ಯರು ತಮ್ಮ ದೇಹವನ್ನು ಸರಿಯಾಗಿ ತಿಳಿಯದೆಯೇ ಒಂದು ಜೀವಮಾನವನ್ನು ಕಳೆದುಬಿಡಬಹುದು. ಒಬ್ಬರು ನೋಡದೆ ಕಳೆಯುತ್ತಾರೆ, ಇನ್ನೊಬ್ಬರು ತಪ್ಪಾಗಿ ನೋಡಿ ಕಳೆಯುತ್ತಾರೆ. ನಾನು ಎರಡನ್ನೂ ಮಾಡಿದವಳಾದ್ದರಿಂದ ಬರೆಯುವ ಅಧಿಕಾರ ನನಗಿದೆ ಅಂದುಕೊಂಡೆ.

ನಮ್ಮ ಕಾಲದಲ್ಲಿ ಹೆಂಗಸಿನ ಮೈಯಳತೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಸ್ವತಃ ಆ ಹೆಂಗಸಿಗೂ ಗೊತ್ತಿರುತ್ತಿರಲಿಲ್ಲ. ರವಿಕೆ ಹೊಲಿಸಬೇಕಾದರೆ ಹೊಸ ಬಟ್ಟೆಯ ಜೊತೆಗೆ ಒಂದು ಹಳೆಯ ರವಿಕೆಯನ್ನು 'ಅಳತೆಗೆ' ಎಂದು ಸುತ್ತಿ ಯಾರ ಕೈಯಲ್ಲಾದರೂ ಕಳಿಸಿಬಿಡುವುದು. ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿ ನನಗೆ ಎಷ್ಟೋ ವರ್ಷ ರವಿಕೆ ಹೊಲಿದಿದ್ದಾನೆ. ನಾನು ಎದುರಿಗೆ ಬಂದರೆ ಅವನಿಗೆ ಗುರುತು ಸಿಗಲಿಕ್ಕಿಲ್ಲ, ನನ್ನ ರವಿಕೆ ಎದುರಿಗೆ ಬಂದರೆ ಸಿಕ್ಕೀತು. ಅವನು ಒಳಗಡೆ ಎರಡೂ ಬದಿಗೆ ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ನಾಲ್ಕೈದು ಸಾಲು ಹೊಲಿಗೆ ಹಾಕಿ ಕೊಡುತ್ತಿದ್ದ. ಬಿಗಿಯಾದಾಗ ಒಂದು ಸಾಲು ಬಿಚ್ಚಿಕೊಂಡರಾಯಿತು. ಹಾಗೆ ಸಾಲಿನ ಮೇಲೆ ಸಾಲು ಬಿಚ್ಚುತ್ತಾ ಬಂದರೂ ನಾನು ದಪ್ಪಗಾಗುತ್ತಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಬಟ್ಟೆ ಒಗೆದು ಒಗೆದು ಬಿಗಿಯಾಯಿತು ಅನ್ನಿಸುತ್ತಿತ್ತು. ಕೊನೆಯ ಸಾಲನ್ನೂ ಬಿಚ್ಚಿ ಇನ್ನು ಬಿಚ್ಚಲು ಏನೂ ಇಲ್ಲವಾದಾಗ, ದರ್ಜಿ ಈಚೆಗೆ ಬಟ್ಟೆ ಕದಿಯುತ್ತಿದ್ದಾನೆ ಎಂದು ಗೌರಮ್ಮನ ಹತ್ತಿರ ದೂರು ಹೇಳಿದೆ. ಗೌರಮ್ಮ ನಿಮಗೆ ಗೊತ್ತಲ್ಲ, ಹಿಂದಿನ ಬೀದಿಯವಳು, ಡೈರಿಗೆ ಹಾಲು ಹಾಕುವವಳು. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಕದ್ದಿರೋ ಬಟ್ಟೆಯೆಲ್ಲ ಎಲ್ಲಿ ಮಡಗವ್ನೆ ಅಂತ ಕಾಣ್ತಾ ಐತೆ ಬಿಡಿ ಪದ್ಮಕ್ಕ" ಎಂದಳು. ಅವಳ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಅರ್ಥವಾದದ್ದು ಅರಸೀಕೆರೆಯ ಡಾಕ್ಟರ ಮುಂದೆ. ನಿಮ್ಮ ತಾತ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತೆಂದು ನಿಮಗೆ ಗೊತ್ತು. ಅದು ಹೇಗಿತ್ತೆಂದು ಗೊತ್ತಿಲ್ಲ. ಕೊನೆಯ ವರ್ಷಗಳಲ್ಲಿ ಅವರಿಗೆ ಬೆಳಿಗ್ಗೆ ಸಂಜೆ ಸೂಜಿ ಚುಚ್ಚುತ್ತಿದ್ದವಳು ನಾನೇ. ಅವರು ಅಂಗಡಿಯಿಂದ ಬಂದು ಅಂಗಿ ಮೇಲೆತ್ತಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದರು. ಅವರಿಗೆ ನೋವಾಗುತ್ತಿತ್ತೋ ಇಲ್ಲವೋ, ಒಂದು ದಿನವೂ ಹೇಳಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಕೈ ನಡುಗುತ್ತಿತ್ತು. ಆಮೇಲೆ ಕಾಲಿನ ಹುಣ್ಣು ಮಾಯದೆ ಹೋಯಿತು. ಅಷ್ಟು ಸಾಕು, ಹೆಚ್ಚು ಬರೆಯುವುದಿಲ್ಲ. ನನಗೂ ದಾಹ ಹೆಚ್ಚಾಗಿ, ಕಾಲು ಜೋಮು ಹಿಡಿಯಲು ಶುರುವಾದಾಗ ನಾನು ಯಾರಿಗೂ ಹೇಳದೆ ಸುಮ್ಮನಿದ್ದೆ. ನಿಮ್ಮಮ್ಮನೇ ಕಂಡುಹಿಡಿದು ಬಸ್ಸು ಹತ್ತಿಸಿದಳು.

ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, "ಗಡಿ ಮೇಲೆ ನಿಂತಿದೀರಿ ತಾಯಿ. ಮೂರು ತಿಂಗಳು ಸಮಯ ಕೊಡ್ತೀನಿ. ಈ ಹೊಟ್ಟೆ ಸುತ್ತ ಇರೋ ಬೊಜ್ಜು ಇಳಿಸಿ. ಇಳೀಲಿಲ್ಲ ಅಂದ್ರೆ ಮಾತ್ರೆ ಶುರು ಮಾಡ್ತೀನಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ನಿಮಗೆ ಗೊತ್ತೇ ಇದೆಯಲ್ಲ, ಸೂಜಿ" ಎಂದರು. ನಿಮ್ಮ ತಾತನನ್ನು ನೋಡುತ್ತಿದ್ದವರೂ ಅವರೇ. ಅವರು ಮುಂದುವರಿಸಿ, "ರಾತ್ರಿ ಊಟ ಕಮ್ಮಿ ಮಾಡಿ" ಎಂದರು.

"ನಾವು ರಾತ್ರಿ ಉಣ್ಣೋದೇ ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಹೊತ್ತು ಮುಳುಗೋಕೆ ಮುಂಚೆ ಊಟ."

"ಮತ್ತೆ ಈ ಹೊಟ್ಟೆ ಯಾವಾಗ ಬಂತು?"

ಪಕ್ಕದಲ್ಲಿ ಕೂತಿದ್ದ ನಿಮ್ಮಮ್ಮ, "ಬೆಳಕಿದ್ದಾಗಲೇ ಬಂತು ಡಾಕ್ಟ್ರೇ" ಎಂದಳು.

ನಿಜವೇ. ರಾತ್ರಿ ಏನೂ ಬಾಯಿಗೆ ಹಾಕುವಂತಿಲ್ಲ ಎಂಬ ಭಯಕ್ಕೆ ನಾನು ಸಂಜೆಯೇ ರಾತ್ರಿಯದನ್ನೂ ಸೇರಿಸಿ ಉಣ್ಣುತ್ತಿದ್ದೆ. ಸೂರ್ಯ ಬಸದಿಯ ಆಚೆಗೆ ಇಳಿಯುತ್ತಿದ್ದಂತೆ ನನ್ನ ಕೈ ಬಿರುಸಾಗುತ್ತಿತ್ತು. ಮಳೆಗಾಲದಲ್ಲಿ ಮೋಡ ಮುಸುಕಿ ಹೊತ್ತು ಎಲ್ಲಿದೆ ಎಂದು ತಿಳಿಯದ ದಿನ ಎದೆ ಹೊಡೆದುಕೊಂಡು ಎರಡು ಮುದ್ದೆ ಹೆಚ್ಚು ಇಳಿಯುತ್ತಿತ್ತು. ಜೊತೆಗೆ ಮನೆಯವರು ತಟ್ಟೆಯಲ್ಲಿ, ಪಾತ್ರೆಯಲ್ಲಿ ಮಿಗಿಸಿದ್ದೆಲ್ಲ ನನ್ನ ಪಾಲು. ರಾತ್ರಿಗೆ ಇಡುವಂತಿಲ್ಲ, ಚೆಲ್ಲಲು ಮನಸ್ಸು ಬರುವುದಿಲ್ಲ. ನಿಮ್ಮಪ್ಪ ಅರ್ಧಕ್ಕೆ ಬಿಟ್ಟ ಅನ್ನ, ನೀವು ಕಚ್ಚಿ ಬಿಟ್ಟ ಬಾಳೆಹಣ್ಣು, ಎಲ್ಲವೂ ಕೊನೆಗೆ ಬಂದು ಸೇರುತ್ತಿದ್ದದ್ದು ನನ್ನ ಸೊಂಟಕ್ಕೆ. ನಾನು ಹೊತ್ತಿದ್ದ ಬೊಜ್ಜಿನಲ್ಲಿ ನನ್ನದು ಎಷ್ಟು, ಈ ಮನೆಯವರದು ಎಷ್ಟು ಎಂದು ಬೇರೆ ಮಾಡಿದರೆ ನನ್ನದು ಬಹಳ ಇರಲಾರದು.

ಡಾಕ್ಟರ ಹತ್ತಿರದಿಂದ ಹೊರಟವರು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ರೈಲ್ವೆ ಸ್ಟೇಷನ್ನಿಗೆ ಹೋದೆವು. ಅಲ್ಲಿ ಆಗ ಬಣ್ಣದ ದೀಪಗಳು ಮಿಣಮಿಣ ಎನ್ನುವ ತೂಕದ ಯಂತ್ರವಿತ್ತು. ಹತ್ತಿ ನಿಂತು ನಾಣ್ಯ ಹಾಕಿದರೆ ಒಳಗೆ ಗಡಗಡ ಸದ್ದಾಗಿ ಗಟ್ಟಿ ಕಾಗದದ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಪ್ಲಾಟ್‌ಫಾರಂ ತುಂಬ ಜನ. ನಾನು ಚಪ್ಪಲಿ ಬಿಟ್ಟು, ಕೈಚೀಲವನ್ನು ನಿಮ್ಮಮ್ಮನಿಗೆ ಕೊಟ್ಟು, ಆದಷ್ಟು ಹಗುರವಾಗಿ ನಿಂತೆ. ಬಿದ್ದ ಚೀಟಿಯನ್ನು ನಿಮ್ಮಮ್ಮ ಓದಿ ನಕ್ಕಳು. "ತೂಕ ಆಮೇಲೆ ಹೇಳ್ತೀನಿ. ಭವಿಷ್ಯ ಕೇಳಿ ಅತ್ತೆ. 'ನಿಮ್ಮ ಜವಾಬ್ದಾರಿಗಳು ಹೆಚ್ಚಲಿವೆ' ಅಂತಿದೆ." ತೂಕ ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ. ಜವಾಬ್ದಾರಿ ಆಗಲೇ ಸಾಕಷ್ಟಿತ್ತು.

ನಿಮ್ಮಮ್ಮ ಸುಜಾತ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು ಎಂಬುದು ಅಲ್ಲಿಯವರೆಗೆ ನನಗೆ ಅಷ್ಟಾಗಿ ಮುಟ್ಟಿರಲಿಲ್ಲ. ಸೊಸೆ ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡು ಹೋಗುತ್ತಾಳೆ, ಸಂಜೆ ಮೈಯೆಲ್ಲ ಧೂಳಾಗಿ ಬರುತ್ತಾಳೆ, ಅಷ್ಟೇ. ಅವಳು ಮೈಸೂರಿನ ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಕಲಿತು ಬಂದಿದ್ದನ್ನು ಬಸ್ಸಿನಲ್ಲಿ ಬರುತ್ತಾ ನನಗೆ ಬಿಡಿಸಿ ಹೇಳಿದಳು. "ಈ ಯಂತ್ರ ಹೇಳೋದು ಅರ್ಧ ಸತ್ಯ ಅತ್ತೆ. ವ್ಯಾಯಾಮ ಶುರು ಮಾಡಿದ ಮೇಲೆ ಬೊಜ್ಜು ಕರಗುತ್ತೆ, ಮಾಂಸಖಂಡ ಗಟ್ಟಿಯಾಗುತ್ತೆ. ಒಂದು ಹೋಗಿ ಇನ್ನೊಂದು ಬರುತ್ತಲ್ಲ, ತಕ್ಕಡಿಗೆ ವ್ಯತ್ಯಾಸ ಗೊತ್ತಾಗಲ್ಲ. ಟೇಪಿಗೆ ಗೊತ್ತಾಗುತ್ತೆ." ಇದು ನನಗೆ ತಕ್ಷಣ ಅರ್ಥವಾಯಿತು. ದಿನಸಿ ಅಂಗಡಿಯವರ ಮನೆಯಲ್ಲಿ ಬಾಳಿದವಳು ನಾನು. ಒಂದು ಕೆಜಿ ಕಡ್ಲೆಪುರಿಗೆ ದೊಡ್ಡ ಚೀಲವೇ ಬೇಕು, ಒಂದು ಕೆಜಿ ಬೆಲ್ಲ ಅಂಗೈ ಮೇಲೆ ಕೂರುತ್ತದೆ. ನನ್ನ ಮೈಯಲ್ಲಿದ್ದದ್ದು ಕಡ್ಲೆಪುರಿ, ಅದನ್ನು ಬೆಲ್ಲ ಮಾಡಬೇಕು. ಸಕ್ಕರೆ ಕಾಯಿಲೆಗೆ ಹೆದರಿದವಳಿಗೆ ಬೆಲ್ಲದ ಹೋಲಿಕೆಯೇ ಹೊಳೆಯಿತಲ್ಲ ಎಂದು ನಾಚಿಕೆಯೂ ಆಯಿತು.

ಕತ್ತು, ಹೊಟ್ಟೆ, ಸೊಂಟದ ಕೆಳಗಿನ ಸುತ್ತು, ಇಷ್ಟನ್ನು ಅಳೆದು ಎತ್ತರದ ಜೊತೆ ಲೆಕ್ಕ ಹಾಕಿದರೆ ಮೈಯಲ್ಲಿ ಬೊಜ್ಜು ಎಷ್ಟಿದೆ ಎಂದು ಅಂದಾಜು ಸಿಗುತ್ತದಂತೆ. ತಿಂಗಳು ತಿಂಗಳು ಅಳೆದರೆ ಅದು ಇಳಿಯುತ್ತಿದೆಯೋ ಇಲ್ಲವೋ ತಿಳಿಯುತ್ತದಂತೆ.

"ಕತ್ತು ಯಾಕಮ್ಮ? ಕತ್ತು ಏನು ಮಾಡಿದೆ?"

"ಹೊಟ್ಟೆ, ಸೊಂಟದ್ದು ಕೂಡಬೇಕು ಅತ್ತೆ, ಕತ್ತಿನದು ಕಳೀಬೇಕು."

"ಹಾಗಾದ್ರೆ ಕತ್ತು ದಪ್ಪ ಮಾಡಿಕೊಂಡರೆ ಆಗೋದಿಲ್ವಾ?"

ಅವಳು ಕಿಟಕಿಯ ಕಡೆ ತಿರುಗಿಕೊಂಡು ಭುಜ ಕುಲುಕಿಸುತ್ತಾ ನಕ್ಕಳು.

ಮನೆಗೆ ಬಂದದ್ದೇ ಅವಳು ಟೇಪು ತಂದಳು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತುಬಿಟ್ಟೆ. ಮೈ ಮುಟ್ಟಿಸಿಕೊಳ್ಳುವುದೆಂದರೆ ನನಗೆ ಆಗದು. ಇದಕ್ಕೆ ಕಾರಣ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬಸದಿಗೆ ಹೋಗಿ, ಒಂದು ನೂಲಿನ ಹಂಗೂ ಇಲ್ಲದೆ ಅಷ್ಟೆತ್ತರ ನಿಂತ ಸ್ವಾಮಿಗೆ ದಿನವೂ ಕೈ ಮುಗಿಯುತ್ತೇನೆ. ದೇಹವೇ ಬೇರೆ, ಆತ್ಮವೇ ಬೇರೆ ಎಂದು ಮುನಿಗಳು ಹೇಳಿದಾಗ ಹೌದು ಹೌದು ಎಂದು ತಲೆಯಾಡಿಸುತ್ತೇನೆ. ಆದರೆ ಸೊಸೆ ಒಂದು ಟೇಪು ಹಿಡಿದು ಬಂದರೆ ಆ ಬೇರೆ ಎಂಬ ದೇಹಕ್ಕೆ ಸೆರಗನ್ನು ಎರಡು ಸುತ್ತು ಸುತ್ತಿಕೊಂಡು ಓಡುತ್ತೇನೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಬಿಳಿಯ ನೂಲಿನ ದಾರ ಇತ್ತು. ಅದರಲ್ಲಿ ಒಂದು ಉದ್ದದ ತುಂಡು ತೆಗೆದುಕೊಂಡು ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಅವಳು ಹೊರಗೆ ನಿಂತು ಹೇಳುವುದು. ನಾನು ಒಳಗೆ ಸುತ್ತಿಕೊಂಡು, ಸುತ್ತು ಕೂಡುವ ಕಡೆ ಗಂಟು ಹಾಕುವುದು.

"ಹೊಕ್ಕುಳ ನೇರಕ್ಕೆ ಅತ್ತೆ! ದಾರ ಹಿಂದೆ ಕೆಳಗೆ ಇಳೀಬಾರದು! ಬಿಗೀಬೇಡಿ! ಉಸಿರು ಬಿಟ್ಟು ನಿಂತ್ಕೊಳ್ಳಿ!" ಸೀಟಿ ಒಂದನ್ನು ಊದಲಿಲ್ಲ ಅಷ್ಟೇ. ಬೀದಿಯಲ್ಲಿ ಹೋಗುವವರಿಗೆಲ್ಲ ಕೇಳಿಸಿರಬೇಕು. ಗಂಟು ಹಾಕಿದ ದಾರವನ್ನು ಬಾಗಿಲ ಸಂದಿಯಿಂದ ಕೊಟ್ಟೆ. ಅವಳು ಅದನ್ನು ಟೇಪಿನ ಮೇಲೆ ಹಿಡಿದು ಅಳತೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿಗೆ ಬರೆದು, ದಾರ ವಾಪಸು ಕೊಟ್ಟಳು. "ಇಟ್ಟುಕೊಂಡಿರಿ. ಹೊಟ್ಟೆಯ ಗಂಟು ದಾಟಿ ದಾರ ಮಿಕ್ಕಿದರೆ ಇಳಿದಿದೆ ಅಂತ ನಿಮಗೇ ಗೊತ್ತಾಗುತ್ತೆ."

ಮಾರನೆಯ ದಿನದಿಂದ ಕೆರೆ ಏರಿಯ ಮೇಲೆ ನಡಿಗೆ. ಗೌರಮ್ಮ ಡೈರಿಗೆ ಹಾಲು ಹಾಕಿ ಬಂದು ಜೊತೆಯಾಗುತ್ತಿದ್ದಳು. ಕೈ ಬೀಸಿ ನಡೆಯಬೇಕೆಂದು ಪಿ.ಟಿ. ಟೀಚರ ಆಜ್ಞೆ. ಸೀರೆಯ ಕೆಳಗೆ ಅವಳು ತಂದುಕೊಟ್ಟ ಬಿಳಿ ಕ್ಯಾನ್ವಾಸ್ ಶೂ. ಮೊದಲ ದಿನ ಹಳೇಬೀಡೇ ನನ್ನ ಕಾಲನ್ನು ನೋಡುತ್ತಿದೆ ಅನ್ನಿಸಿ ತಲೆ ತಗ್ಗಿಸಿ ನಡೆದೆ. ಗುಡಿಯ ಕಡೆ ಕೈ ತೋರಿಸಿ, "ಆ ಗೋಡೆ ಮೇಲೆ ಇರೋ ಹೆಂಗಸರ ಸೊಂಟ ನೋಡು ಗೌರಮ್ಮ, ಇಷ್ಟು ವರ್ಷವಾದರೂ ಹಾಗೇ ಇದೆ" ಎಂದೆ.

"ಅವು ಕಲ್ಲು ಕಣ್ ಪದ್ಮಕ್ಕ. ಕಲ್ಲು ಮಿಕ್ಕಿದ್ ಅನ್ನ ತಿಂತದಾ? ಬೇಗ್ ಬೇಗ್ ಬನ್ನಿ, ನನ್ ಎಮ್ಮೆ ನಿಮಗಿಂತ ಜೋರಾಗಿ ನಡೀತದೆ."

ಆ ದಿನಗಳಲ್ಲೇ ನಿಮ್ಮಮ್ಮನ ಸ್ಕೂಲಿನ ಮಕ್ಕಳಿಗೆ ಬೇಲೂರಿನಲ್ಲಿ ತಾಲ್ಲೂಕು ಮಟ್ಟದ ಆಟೋಟ ಬಂತು. ಅವಳು ನಸುಕಿಗೆ ಹೋದರೆ ಕತ್ತಲಾದ ಮೇಲೆ ಬರುವಳು. ನನ್ನ ಅಳತೆಯ ವಿಷಯ ಹಿಂದೆ ಬಿತ್ತು. ನಾನೇ ವಾರಕ್ಕೊಮ್ಮೆ ಬಚ್ಚಲಲ್ಲಿ ದಾರ ಸುತ್ತಿ ನೋಡಿಕೊಳ್ಳತೊಡಗಿದೆ. ಮೊದಲ ವಾರ ದಾರದ ತುದಿಗೆ ಗಂಟು ಮುಟ್ಟಲಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ. ತಪ್ಪಾಗಿ ಸುತ್ತಿದೆನೇನೋ ಎಂದು ಬಿಚ್ಚಿ ಮತ್ತೆ ಸುತ್ತಿದೆ. ಮತ್ತೆಯೂ ಅಷ್ಟೇ. ಎರಡನೆಯ ವಾರ ಆ ಜಾಗ ಎರಡು ಬೆರಳಾಯಿತು. ಅಂದರೆ ಹೊಟ್ಟೆ ಇಳಿಯುವುದಿರಲಿ, ಏರುತ್ತಿದೆ! ಬಚ್ಚಲ ಹಂಡೆಯ ಪಕ್ಕ ಕಲ್ಲಿನಂತೆ ನಿಂತೆ. ನಡೆದರೆ ಹಸಿವು ಹೆಚ್ಚಾಗಿ ಹೀಗಾಗುತ್ತಿದೆಯೇನೋ ಅನ್ನಿಸಿತು. ಸುಜಾತನಿಗೆ ಹೇಳಲು ಮುಖವಿಲ್ಲ. ಇಷ್ಟು ಕಷ್ಟಪಟ್ಟು ಕಲಿಸಿದ್ದಾಳೆ, ಶೂ ತಂದುಕೊಟ್ಟಿದ್ದಾಳೆ.

ಊಟ ಕಡಿಮೆ ಮಾಡಿದೆ. ಮೊದಲು ಎರಡು ದೋಸೆಯ ಕಡೆ ಒಂದು. ಆಮೇಲೆ ಬೆಳಗಿನ ತಿಂಡಿಯೇ ಇಲ್ಲ. ಆಮೇಲೆ ಮಧ್ಯಾಹ್ನ ಬರಿಯ ಗಂಜಿ. ಕೇಳಿದವರಿಗೆ ವ್ರತ ಎಂದೆ. ನಮ್ಮಲ್ಲಿ ವ್ರತ ಎಂದುಬಿಟ್ಟರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಎಷ್ಟು ಉಪವಾಸ ಮಾಡಿದರೆ ಅಷ್ಟು ಮರ್ಯಾದೆ. ಆದರೆ ಆ ದಾರ ಮಾತ್ರ ಎರಡು ಬೆರಳಿನಿಂದ ಈಚೆಗೆ ಬರಲೊಲ್ಲದು. ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಒಳಲಂಗದ ಲಾಡಿಯನ್ನು ಕಟ್ಟಿದ ಮೇಲೆ ಮಿಕ್ಕಿದ ತುದಿಗಳು ಉದ್ದವಾಗಿ ಜೋತುಬಿದ್ದು ಮೊಣಕಾಲಿಗೆ ತಾಗುತ್ತಿದ್ದವು. ಸೀರೆಯಲ್ಲಿ ಎರಡು ನೆರಿಗೆ ಹೆಚ್ಚು ಬರುತ್ತಿತ್ತು. ಅದೆಲ್ಲ ಕಣ್ಣಿಗೆ ಕಾಣುತ್ತಿದ್ದರೂ ನಾನು ನಂಬಲಿಲ್ಲ. ಲಾಡಿ ಲಾಡಿಯೇ, ಅದನ್ನು ಯಾರೂ ಅಳತೆಗೆಂದು ಇಟ್ಟಿಲ್ಲ. ದಾರವಾದರೋ ಓದಿದವಳು ಟೇಪಿಗೆ ಹಿಡಿದು ನೋಡಿ ಕೊಟ್ಟದ್ದು. ಮೈ ಹೇಳಿದ್ದನ್ನು ಬಿಟ್ಟು ದಾರ ಹೇಳಿದ್ದನ್ನು ನಂಬಿದೆ. ಸೂಜಿಯ ಭಯ ಬೇರೆ. ಮಲಗಿದರೆ ನಿಮ್ಮ ತಾತ ಗೋಡೆಯ ಕಡೆ ಮುಖ ತಿರುಗಿಸಿ ಕೂತದ್ದೇ ಕಣ್ಣ ಮುಂದೆ ಬರುತ್ತಿತ್ತು. ನನಗೆ ಯಾರು ಚುಚ್ಚಬೇಕು? ಸುಜಾತ ಚುಚ್ಚಬೇಕು. ಎರಡು ಪುಟ್ಟ ಮಕ್ಕಳು, ಕೆಲಸ, ಮನೆ, ಇದರ ಮೇಲೆ ಅತ್ತೆಗೆ ಎರಡು ಹೊತ್ತು ಸೂಜಿ. ಆ ಕೈ ನಡುಕ ಅವಳಿಗೆ ಬೇಡ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಒಂದು ದಿನ ಏರಿಯ ಮೇಲೆ ಅರ್ಧ ದಾರಿಗೆ ಹೋಗಿದ್ದೇವೆ, ಕೆರೆಯ ನೀರು ಬೆಳ್ಳಗೆ ಮೇಲೆದ್ದು ಬಂದ ಹಾಗಾಯಿತು. ಗೌರಮ್ಮನ ಭುಜ ಹಿಡಿದದ್ದು ಗೊತ್ತು, ಆಮೇಲೆ ನೆಲದ ಮೇಲೆ ಕೂತಿದ್ದೆ. ಅವಳು ಸೆರಗಿನಲ್ಲಿ ಗಾಳಿ ಹಾಕುತ್ತಾ ಒಂದೇ ಸಮ ಬೈಯುತ್ತಿದ್ದಳು. "ವ್ರತವಂತೆ ವ್ರತ! ಮಕ ನೋಡಿ, ಸುಣ್ಣ ಬಳ್ದಂಗೈತೆ! ಯಾವ್ ದೇವ್ರು ಕೇಳ್ತು ನಿಮ್ಮ ಹೊಟ್ಟೆ ಒಣಗ್ಸಿ ಅಂತ? ಏಳಬ್ಯಾಡಿ, ಕೂತ್ಕಳಿ ಸುಮ್ಕೆ!" ದಾರಿಯಲ್ಲಿ ಬರುತ್ತಿದ್ದ ಯಾರದೋ ಗಾಡಿ ನಿಲ್ಲಿಸಿ ನನ್ನನ್ನು ಮನೆಗೆ ತಂದಳು. ಸ್ಕೂಲಿಗೆ ಹೇಳಿ ಕಳಿಸಿದಳು. ನಿಮ್ಮಮ್ಮ ಓಡಿ ಬಂದಾಗ ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು.

"ಬೆಳಿಗ್ಗೆ ಏನು ತಿಂದಿರಿ ಅತ್ತೆ?"

"ಏನೂ ಇಲ್ಲ."

"ನಿನ್ನೆ?"

ನಾನು ಗೋಡೆಯ ಕಡೆ ನೋಡಿದೆ. ಆಗ ಅವಳು ನನ್ನ ಮುಂದೆ ನೆಲದ ಮೇಲೆ ಕೂತು, "ನಮಗೆ ಹೇಳದೆ ಸುಮ್ಮನಿರೋದು ಈ ಮನೆಯಲ್ಲಿ ಇನ್ನೆಷ್ಟು ಜನಕ್ಕೆ ಅಭ್ಯಾಸ ಇದೆಯೋ" ಎಂದಳು. ಮಾವನ ಕಾಲಿನ ಹುಣ್ಣನ್ನು ಅವರು ಎಷ್ಟು ದಿನ ಕಾಲುಚೀಲದೊಳಗೆ ಮುಚ್ಚಿಟ್ಟಿದ್ದರು ಎಂಬುದು ಅವಳಿಗೂ ಗೊತ್ತಿತ್ತು. ನನಗೆ ಇನ್ನು ಮುಚ್ಚಿಡಲಾಗಲಿಲ್ಲ. ಕಪಾಟಿನ ಡಬ್ಬದಿಂದ ದಾರ ತರಿಸಿ ಅವಳ ಕೈಗೆ ಕೊಟ್ಟು, ಎರಡು ಬೆರಳಿನ ಕಥೆಯನ್ನೆಲ್ಲ ಹೇಳಿದೆ.

ಅವಳು ದಾರವನ್ನು ತಿರುಗಿಸಿ ನೋಡಿದಳು. ಮೂಸಿ ನೋಡಿದಳು. ಹೋಗಿ ಟೇಪು ತಂದು ಪಕ್ಕಕ್ಕೆ ಹಿಡಿದಳು. ಆಮೇಲೆ ಕ್ಯಾಲೆಂಡರಿನ ಅಂಚು ನೋಡಿದಳು. ಮತ್ತೆ ಟೇಪು ನೋಡಿದಳು.

"ಅತ್ತೆ, ಈ ದಾರಾನ ಒಗೆದ್ರಾ?"

"ಮೈಗೆ ಸುತ್ತಿದ್ದಲ್ವಾ, ಒಗೀದೆ ಹೇಗೆ ಎತ್ತಿಡೋದು?"

"ಎಷ್ಟು ಸಲ?"

"ಸುತ್ತಿಕೊಂಡಾಗಲೆಲ್ಲ."

"ಯಾವ ನೀರಲ್ಲಿ?"

"ಹಂಡೆ ನೀರಲ್ಲಿ. ಕುದೀತಾ ಇತ್ತು, ಅದಕ್ಕೇ ಅದ್ದಿ ತೆಗೆದು ಬಿಸಿಲಿಗೆ ಹಾಕ್ತಿದ್ದೆ."

ಗೌರಮ್ಮನೇ ಮೊದಲು ನಕ್ಕಿದ್ದು. ಬಾಗಿಲಿಗೆ ಒರಗಿ ನಿಂತಿದ್ದವಳು ಹಾಗೆಯೇ ಜಾರಿ ಹೊಸ್ತಿಲ ಮೇಲೆ ಕೂತಳು. ಮೊದಲ ದಿನ ಮೂವತ್ತೊಂಬತ್ತು ಇಂಚಿಗೆ ಬಿದ್ದಿದ್ದ ಹೊಟ್ಟೆಯ ಗಂಟು ಈಗ ಮೂವತ್ತಾರರ ಹತ್ತಿರ ಬಂದು ಕೂತಿತ್ತು. ಅಂಗಡಿಯ ನೂಲಿನ ದಾರ ಕುದಿವ ನೀರಿಗೆ ಕುಗ್ಗುತ್ತದೆಂದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಹೊಸ ನೂಲಿನ ಸೀರೆಯನ್ನು ಫಾಲ್ ಹೊಲಿಸುವ ಮುಂಚೆ ನೀರಿಗೆ ಹಾಕಿ ಕುಗ್ಗಿಸಬೇಕೆಂದು ನಿಮ್ಮಮ್ಮನಿಗೆ ಹೇಳಿಕೊಟ್ಟವಳೇ ನಾನು. ಆದರೆ ಅಳತೆ ಎಂದಮೇಲೆ ಅದು ಅಲ್ಲಾಡದೆ ನಿಂತಿರುತ್ತದೆ, ಅಲ್ಲಾಡುವುದು ನಾನೇ ಎಂದು ನಂಬಿಬಿಟ್ಟಿದ್ದೆ. ದಾರ ತಪ್ಪಿರಬಹುದು ಎಂಬ ಯೋಚನೆ ಒಂದು ಸಲವೂ ಬರಲಿಲ್ಲ. ಎಲ್ಲಿ ಏನು ಏರುಪೇರಾದರೂ ತಪ್ಪು ನನ್ನದೇ ಇರಬೇಕು ಎಂಬುದು ಹೆಂಗಸರಿಗೆ ಎಲ್ಲಿಂದ ಬರುತ್ತದೋ ಕಾಣೆ.

ನಿಮ್ಮಮ್ಮ ನಕ್ಕು ಕಣ್ಣೊರೆಸಿಕೊಂಡು, ನನಗೆ ಮೊದಲು ಉಪ್ಪಿಟ್ಟು ತಿನ್ನಿಸಿದಳು. ಮಾರನೆಯ ಬೆಳಿಗ್ಗೆ ಏನೂ ತಿನ್ನುವ ಮುಂಚೆ ಟೇಪು ಹಿಡಿದು ಬಂದು, "ಎದ್ದು ನಿಂತ್ಕೊಳ್ಳಿ. ಈ ಸಲ ಬಾಗಿಲು ಗೀಗಿಲು ಇಲ್ಲ" ಎಂದಳು. ನಾನು ನಿಂತೆ. "ಕೈ ಎರಡೂ ಪಕ್ಕಕ್ಕೆ ಎತ್ತಿ." ಎತ್ತಿದೆ. ಅವಳು ಟೇಪನ್ನು ಹಿಂದಿನಿಂದ ತರಲು ಎರಡೂ ಕೈಗಳನ್ನು ನನ್ನ ಸುತ್ತ ಬಳಸಿದಳು. ಅವಳ ತಲೆ ನನ್ನ ಎದೆಯ ಹತ್ತಿರ ಬಂತು. ತಲೆಗೆ ಹಾಕಿದ್ದ ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಸುತ್ತ ಹೀಗೆ ಯಾರಾದರೂ ಕೈ ಬಳಸಿ ಎಷ್ಟು ಕಾಲವಾಗಿತ್ತೋ ನನಗೆ ನೆನಪಿಲ್ಲ. ಮಕ್ಕಳು ನೀವು ಕಾಲು ತಬ್ಬುತ್ತಿದ್ದಿರಿ, ಅದು ಬೇರೆ. ಉಸಿರು ಬಿಡಿ ಎಂದಳು. ಬಿಟ್ಟೆ. ಬಹಳ ದಿನದಿಂದ ಹಿಡಿದಿಟ್ಟದ್ದೂ ಅದರ ಜೊತೆ ಹೋದ ಹಾಗೆ ಅನ್ನಿಸಿತು.

"ಒಂದೂವರೆ ಇಂಚು ಇಳಿದಿದೆ ಅತ್ತೆ" ಎಂದಳು. ನಾನು ಹಿಗ್ಗುವಷ್ಟರಲ್ಲಿ ಪಿ.ಟಿ. ಟೀಚರು ಮುಂದೆ ಬಂದಳು. "ಖುಷಿಪಡಬೇಡಿ. ಇದರಲ್ಲಿ ನಡೆದು ಕರಗಿದ ಬೊಜ್ಜು ಎಷ್ಟು, ಉಪವಾಸ ಕೂತು ಕಳೆದುಕೊಂಡ ಶಕ್ತಿ ಎಷ್ಟು ಅಂತ ಟೇಪಿಗೆ ಗೊತ್ತಾಗಲ್ಲ. ಲೆಕ್ಕ ಹಾಕಿದರೂ ಅದು ಅಂದಾಜೇ. ಇವತ್ತಿಂದ ಮೂರು ಹೊತ್ತು ಹಿತವಾಗಿ ತಿನ್ನಬೇಕು, ನಡೀಬೇಕು, ಆಮೇಲೆ ನೋಡೋಣ."

ಟೇಪು ಸುತ್ತಿಡಲು ಹೊರಟವಳ ಕೈ ಹಿಡಿದೆ. "ಈಗ ನಿಂದು" ಎಂದೆ.

"ನಂದಾ? ನಂದು ಬೇಡ ಬಿಡಿ ಅತ್ತೆ."

"ಕೈ ಎತ್ತು."

ಊರಿನ ಮಕ್ಕಳಿಗೆಲ್ಲ ಕೈ ಎತ್ತಿಸುವವಳು ಕಿವಿಯವರೆಗೆ ಕೆಂಪಾದಳು. ಇಬ್ಬರನ್ನು ಹೆತ್ತ ಮೇಲೆ ಹೊಟ್ಟೆ ಸಡಿಲವಾಗಿದೆ ಎಂದು ಅವಳು ಸ್ಕೂಲಿನಲ್ಲಿ ಯಾವಾಗಲೂ ದೊಗಲೆ ಚೂಡಿದಾರ ಹಾಕುತ್ತಾಳೆಂದು ನನಗೆ ತಿಳಿದದ್ದು ಆ ದಿನ. ಎಷ್ಟು ಬಂತೆಂದು ನಾನು ಗಟ್ಟಿಯಾಗಿ ಓದಲಿಲ್ಲ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ತಾನೇ ನೋಡಿಕೊಂಡಳು. ಕ್ಯಾಲೆಂಡರಿನ ಅಂಚಿಗೆ ಆಮೇಲೆ ಎರಡು ಸಾಲು ಅಂಕಿ ಬರತೊಡಗಿತು. ನಿಮ್ಮಪ್ಪ ಅದನ್ನು ಗ್ಯಾಸ್ ಸಿಲಿಂಡರಿನ ಲೆಕ್ಕ ಎಂದು ತಿಳಿದುಕೊಂಡಿದ್ದ. ನಾವು ತಿದ್ದಲು ಹೋಗಲಿಲ್ಲ.

ಮೂರು ತಿಂಗಳಾದ ಮೇಲೆ ಅರಸೀಕೆರೆಗೆ ಹೋದೆವು. ರಕ್ತ ಕೊಟ್ಟು, ಚೀಟಿ ಬರುವವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಕರೆದರು. ಡಾಕ್ಟರು ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಬಿ.ಪಿ. ನೋಡುವ ಪಟ್ಟಿಯನ್ನು ಬಿಚ್ಚುತ್ತಾ ಎದ್ದು ಬಂದರು. ನನಗೆ ಚೀಟಿಯ ಮೇಲೇ ಕಣ್ಣು. ಪಟ್ಟಿಯನ್ನು ಕಂಡದ್ದೇ ನಾನು ದಡಕ್ಕನೆ ಎದ್ದು ನಿಂತು, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಉಸಿರು ಬಿಟ್ಟು ನೇರವಾಗಿ ನಿಂತುಬಿಟ್ಟೆ. ಕೋಣೆಯ ಪರದೆ ಅರ್ಧ ತೆರೆದಿತ್ತು. ಹೊರಗೆ ಕೂತಿದ್ದ ರೋಗಿಗಳೆಲ್ಲ ನೋಡುತ್ತಿದ್ದಾರೆ. ಬೀದಿಯಲ್ಲಿ ತಲೆಯೆತ್ತಿ ನಡೆಯಲೂ ನಾಚುವ ನಿಮ್ಮ ಅಜ್ಜಿ ಡ್ರಿಲ್ಲಿಗೆ ನಿಂತ ಹಾಗೆ ನಿಂತಿದ್ದಾಳೆ! ಡಾಕ್ಟರು, "ಒಂದು ಕೈ ಕೊಟ್ಟರೆ ಸಾಕು ತಾಯಿ" ಎಂದರು. ಸುಜಾತ ನಗು ತಡೆಯಲಾರದೆ ಆಚೆ ಹೋದಳು.

ಸಕ್ಕರೆ ಗಡಿಯಿಂದ ಈಚೆಗೆ ಬಂದಿತ್ತು. ಬಹಳವೇನಿಲ್ಲ, ಒಂದು ಹೆಜ್ಜೆ. "ಸದ್ಯಕ್ಕೆ ಮಾತ್ರೆಯೂ ಬೇಡ, ಸೂಜಿಯೂ ಬೇಡ. ನಡೆಯೋದು ಬಿಡಬೇಡಿ" ಎಂದರು. ಇಷ್ಟು ವರ್ಷವಾಯಿತು, ಆಮೇಲೆ ಮಾತ್ರೆ ಬಂತು, ಸೂಜಿ ಇನ್ನೂ ಬಂದಿಲ್ಲ. ಸುಜಾತನ ಕೈ ನಡುಗಬೇಕಾಗಿ ಬಂದಿಲ್ಲ. ಅಷ್ಟು ಸಾಕೆಂದು ದಿನವೂ ಕೈ ಮುಗಿಯುತ್ತೇನೆ.

ಸ್ಫೂರ್ತಿ, ನಿನಗೆ ಹೇಳಬೇಕಾದದ್ದು ಇಷ್ಟೇ ಕಂದಾ. ಕನ್ನಡಿ, ತಕ್ಕಡಿ, ದಾರ, ಟೇಪು ಎಲ್ಲವೂ ಅಂದಾಜು. ಅವನ್ನು ಕೇಳಬೇಡ ಎನ್ನುವುದಿಲ್ಲ. ಕೇಳುವಾಗ ನಿನ್ನ ಜೊತೆಗೆ ಇನ್ನೊಬ್ಬರಿರಲಿ. ಬಾಗಿಲು ಹಾಕಿಕೊಂಡು ಒಬ್ಬಳೇ ಅಳೆದುಕೊಂಡದ್ದು ಯಾವತ್ತೂ ಸರಿಯಾದ ಅಳತೆಯಲ್ಲ. ಹಸಿದುಕೊಂಡು ಅಳೆದದ್ದಂತೂ ಅಲ್ಲವೇ ಅಲ್ಲ. ಶ್ರೇಯಾಂಸ, ನೀನು ಇದನ್ನು ಓದಿ ಅಕ್ಕನನ್ನು ಆಡಿಕೊಂಡು ನಕ್ಕರೆ ನೋಡು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೊಂದು ದಿನ ನಿಮ್ಮ ಮಕ್ಕಳಿಗೆ ಮುತ್ತಜ್ಜಿ ಹೇಗಿದ್ದಳು ಎಂದು ಹೇಳಬೇಕಾದಾಗ ಬೇಕಾಗುತ್ತದೆ. ಕೊನೆಯ ಹಾಳೆಯ ಮೂಲೆಯಲ್ಲಿ ಒಂದು ಎಣ್ಣೆಯ ಕಲೆ ಇದೆ, ಅದನ್ನು ಕಣ್ಣೀರು ಎಂದು ತಿಳಿಯಬೇಡಿ. ನೀವು ಸ್ಕೂಲಿನಿಂದ ಬರುವ ಹೊತ್ತಿಗೆ ಇರಲಿ ಎಂದು ಕೋಡುಬಳೆ ಕರಿಯುತ್ತಾ ನಡುನಡುವೆ ಬರೆದೆ. ಉಪ್ಪು ಖಾರ ಸರಿಯಾಗಿದೆಯೋ ಎಂದು ಒಂದೇ ಒಂದು ತಿಂದು ನೋಡಿದೆ. ಒಂದು ಎಂಬುದು ಅಂದಾಜು.